ಕಿವಿಯ ಹಿಂದಿನ ತೂತಿಗೆ ಬೋನ್ ಸಿಮೆಂಟ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಖದ ನರಕ್ಕೆ ಆಪರೇಷನ್ ಆಗಬೇಕು ಅಂತ ಗೊತ್ತಾದ ತಕ್ಷಣ ಎಲ್ಲರೂ ನರದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಆಪರೇಷನ್‌ಗೆ ಕಿವಿ ಹಿಂದಿನ ಮೂಳೆಯಲ್ಲಿ ತೂತು ಮಾಡುತ್ತಾರೆ, ಕೊನೆಗೆ ಅದನ್ನು ಬೋನ್ ಸಿಮೆಂಟ್ ಹಾಕಿ ಮುಚ್ಚುವುದುಂಟು. ಆ ಮೂಳೆಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಮೂಳೆಯದ್ದೇ. ಕಿವಿ ಹಿಂದೆ ಕೈ ಇಟ್ಟರೆ ಗಟ್ಟಿ ಏನೋ ಸಿಗುತ್ತೆ, ಇಲ್ಲಾ ಗುಳಿ ಬಿದ್ದಿದೆ, ಕತ್ತು ತಿರುಗಿಸಿದರೆ ಎಳೆಯುತ್ತೆ, ಮೂಗಲ್ಲಿ ನೀರು ಬರ್ತಿದೆ ಅಂತ. ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿದ್ದವಳು, ಈಗ ಊರಲ್ಲಿದ್ದೇನೆ. ಡಾಕ್ಟರ್ ಅಲ್ಲ. ಇಲ್ಲಿ ಬರೆದಿರುವುದು ಅವರ ಮುಂದೆ ಕೂತಾಗ ಸರಿಯಾಗಿ ಕೇಳಿಕೊಳ್ಳಲಿ ಅಂತ, ಅವರ ಮಾತಿನ ಬದಲಿಗೆ ಅಲ್ಲ.

ನೋವು ಕೆನ್ನೆಯಲ್ಲಿ. ಕಿವಿ ಹಿಂದೆ ಯಾಕೆ ತೂತು ಮಾಡ್ತಾರೆ?

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಮುಖದ ಸ್ಪರ್ಶ, ನೋವು ಎಲ್ಲ ಐದನೆಯ ನರದ ಕೆಲಸ. ಮುಖದ ಸ್ನಾಯು ಆಡಿಸುವುದು ಏಳನೆಯದು. ಎಂಟನೆಯದು ಕೇಳುವುದಕ್ಕೆ ಮತ್ತು ಸಮತೋಲಕ್ಕೆ. ಇವು ಮಿದುಳಿನ ಕಾಂಡದಿಂದ ಹೊರಡುವ ಜಾಗಕ್ಕೆ ಹೋಗಲು ಹತ್ತಿರದ ದಾರಿ ಕಿವಿಯ ಹಿಂಭಾಗ.

ಕೆಲವರಲ್ಲಿ ಒಂದು ರಕ್ತನಾಳ ಐದನೆಯ ನರದ ಬುಡಕ್ಕೆ ಒತ್ತಿಕೊಂಡಿರುತ್ತದೆ. ಹಲ್ಲುಜ್ಜಿದರೆ, ಗಾಳಿ ತಾಗಿದರೆ, ಬಿಸಿ ಕಾಫಿ ಕುಡಿದರೆ ಸಾಕು, ಕರೆಂಟ್ ಹೊಡೆದ ಹಾಗೆ ನೋವು. ಇದೇ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲುನೋವು ಅಂದುಕೊಂಡು ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡವರು ಎಷ್ಟೋ ಜನ. ಮೊದಲು ಕಾರ್ಬಮಜೆಪಿನ್ ಗುಳಿಗೆ ಕೊಡುತ್ತಾರೆ. ಅದು ಸಾಲದಿದ್ದರೆ, ಅಥವಾ ತಲೆ ಸುತ್ತು, ಮಂಪರು ತಡೆಯಲಾಗದಿದ್ದರೆ ಆಪರೇಷನ್. ರಕ್ತನಾಳವನ್ನು ಮೆಲ್ಲಗೆ ಸರಿಸಿ, ನಡುವೆ ಟೆಫ್ಲಾನ್‌ನ ಚಿಕ್ಕ ತುಣುಕು ಇಡುತ್ತಾರೆ. ಈ ವಿಧಾನವನ್ನು ಅಮೆರಿಕದ ಪೀಟರ್ ಜಾನೆಟ್ಟಾ 1960ರ ದಶಕದ ಕೊನೆಯಿಂದ ಬೆಳೆಸಿದರು. ಮುಖದ ಒಂದು ಬದಿ ಅದುರುತ್ತಲೇ ಇರುವವರಿಗೂ ಹೆಚ್ಚುಕಡಿಮೆ ಇದೇ ಆಪರೇಷನ್, ನರ ಮಾತ್ರ ಏಳನೆಯದು. ಎಂಟನೆಯ ನರದ ಗಡ್ಡೆಗೂ ಇದೇ ದಾರಿ ಹಿಡಿಯುವುದುಂಟು.

ತೂತು ಎಷ್ಟು ದೊಡ್ಡದು? ತೆಗೆದ ಮೂಳೆ ವಾಪಸ್ ಇಡಲ್ವಾ?

ನರದ ಒತ್ತಡ ಬಿಡಿಸಲು ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರ್ ಅಗಲ. ಗಡ್ಡೆ ಇದ್ದರೆ ಇನ್ನೂ ದೊಡ್ಡದು.

ಮೂಳೆ ತೆಗೆಯಲು ಎರಡು ದಾರಿ. ಒಂದು, ಬಿಲ್ಲೆಯ ಹಾಗೆ ಇಡಿಯಾಗಿ ಕತ್ತರಿಸಿ ತೆಗೆದು, ಕೊನೆಗೆ ಅದನ್ನೇ ಚಿಕ್ಕ ಪ್ಲೇಟು, ಸ್ಕ್ರೂ ಹಾಕಿ ಕೂರಿಸುವುದು. ಇನ್ನೊಂದು, ಡ್ರಿಲ್‌ನಿಂದ ಸ್ವಲ್ಪ ಸ್ವಲ್ಪವೇ ಕೊರೆದು ತೆಗೆಯುವುದು. ಕಿವಿ ಹಿಂದೆ ಎರಡನೆಯದು ಜಾಸ್ತಿ, ಯಾಕೆಂದರೆ ಆ ಮೂಳೆಗೆ ಅಂಟಿಕೊಂಡ ಹಾಗೆಯೇ ಎರಡು ದೊಡ್ಡ ಅಭಿಧಮನಿಗಳು ಬಂದು ಸೇರುತ್ತವೆ. ವಯಸ್ಸಾದವರಲ್ಲಿ ಮಿದುಳಿನ ಹೊದಿಕೆ ಮೂಳೆಗೆ ಬಲವಾಗಿ ಅಂಟಿರುತ್ತದೆ. ಇಡಿಯಾಗಿ ಎತ್ತಲು ಹೋಗಿ ಅಭಿಧಮನಿ ಹರಿದರೆ ರಕ್ತ ನಿಲ್ಲಿಸುವುದು ಸುಲಭವಲ್ಲ. ಅದಕ್ಕೇ ಕೊರೆದು ತೆಗೆಯುತ್ತಾರೆ, ಮೂಳೆ ಪುಡಿಯಾಗಿ ಹೋಗುತ್ತದೆ. ವಾಪಸ್ ಇಡಲು ಏನೂ ಉಳಿದಿರುವುದಿಲ್ಲ.

ಹಾಗೇ ಬಿಟ್ಟರೆ ಏನಾಗುತ್ತೆ? ನಮ್ಮ ಮಾವನಿಗೆ ಹಿಂದೆ ಹಾಗೇ ಬಿಟ್ಟಿದ್ರಲ್ಲ.

ಬಿಡುತ್ತಿದ್ದರು, ಈಗಲೂ ಕೆಲವು ಕಡೆ ಬಿಡುತ್ತಾರೆ. ಅಲ್ಲಿ ಕತ್ತಿನ ದಪ್ಪ ಸ್ನಾಯುಗಳಿವೆ, ಅವೇ ಮುಚ್ಚಿಕೊಳ್ಳುತ್ತವೆ ಅನ್ನುವುದು ಅವರ ಲೆಕ್ಕ. ಎಷ್ಟೋ ಜನಕ್ಕೆ ಏನೂ ತೊಂದರೆಯಾಗದೆ ಕಳೆದುಹೋಗುತ್ತದೆ. ನಿಮ್ಮ ಮಾವ ಆರಾಮಾಗಿದ್ದರೆ ಈಗ ಹೋಗಿ ಸಿಮೆಂಟ್ ಹಾಕಿಸಬೇಕಾಗಿಲ್ಲ.

ತೊಂದರೆ ಆಗುವವರಿಗೆ ಹೀಗೆ ಆಗುತ್ತದೆ. ಮೂಳೆ ಇಲ್ಲದ ಜಾಗದಲ್ಲಿ ಕತ್ತಿನ ಸ್ನಾಯು ನೇರವಾಗಿ ಮಿದುಳಿನ ಹೊದಿಕೆಗೆ ಅಂಟಿಕೊಳ್ಳುತ್ತದೆ. ಆ ಹೊದಿಕೆಗೆ ನೋವು ಗೊತ್ತಾಗುತ್ತದೆ. ಕತ್ತು ತಿರುಗಿಸಿದಾಗ, ಕೆಮ್ಮಿದಾಗ ಅದು ಎಳೆದು ತಲೆನೋವು ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ. ಮುಖದ ನೋವು ಹೋಯಿತು ಅಂತ ಸಂತೋಷಪಡುವ ಹೊತ್ತಿಗೆ ಹಿಂದಲೆಯ ನೋವು ಶುರುವಾದರೆ ಆ ಮನುಷ್ಯನಿಗೆ ಹೇಗಾಗಬೇಡ? ಇನ್ನೊಂದು, ಮಿದುಳಿನ ಸುತ್ತಲಿನ ನೀರು, ಅಂದರೆ ಸಿಎಸ್ಎಫ್, ಹೊಲಿಗೆಯ ಸಂದಿಯಿಂದ ಜಿನುಗಿ ಚರ್ಮದಡಿ ಚೀಲ ಕಟ್ಟುತ್ತದೆ. ಗಟ್ಟಿ ಮುಚ್ಚಳ ಇದ್ದರೆ ಆ ನೀರಿಗೆ ದಾರಿ ಕಡಿಮೆ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮುಚ್ಚಿದವರಿಗೆ ನೀರು ಸೋರುವುದು ಕಡಿಮೆ ಕಂಡುಬಂದಿದೆ, ತಲೆನೋವೂ ಬಹುಮಟ್ಟಿಗೆ ಕಡಿಮೆ. ಆದರೆ ಮುಚ್ಚಿದರೆ ತಲೆನೋವು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊರೆದ ಮೂಳೆಯ ಪುಡಿ ಒಳಗೆ ಉಳಿದರೂ ನೋವು ಬರುತ್ತದೆ, ಚರ್ಮದ ಚಿಕ್ಕ ನರ ಕತ್ತರಿಸಿದರೂ ಬರುತ್ತದೆ.

ಸಿಮೆಂಟ್ ಅಂದರೆ ಗೋಡೆಗೆ ಹಾಕೋದೇನಾ?

ಅಲ್ಲ. ಹೆಚ್ಚಾಗಿ ಬಳಸುವುದು ಪಿಎಂಎಂಎ, ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಅಕ್ರಿಲಿಕ್ ಅನ್ನಿ. ಅಜ್ಜ ಅಜ್ಜಿಯರ ಕಟ್ಟಿಸಿಕೊಂಡ ಹಲ್ಲಿನ ಗುಲಾಬಿ ಬಣ್ಣದ ಭಾಗ ಇದೇ ಜಾತಿಯದ್ದು. ತಲೆಬುರುಡೆ ಮುಚ್ಚಲು 1940ರ ದಶಕದಿಂದಲೇ ಬಳಕೆಯಲ್ಲಿದೆ. ಸೊಂಟದ ಕೀಲು ಕೂರಿಸಲು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಬಳಸಿದ ಮೇಲೆ ಜಗತ್ತಿನ ಎಲ್ಲ ಮೂಳೆ ಆಸ್ಪತ್ರೆಗೂ ಬಂತು.

ಒಂದು ಪೊಟ್ಟಣದಲ್ಲಿ ಪುಡಿ, ಒಂದು ಸೀಸೆಯಲ್ಲಿ ದ್ರವ ಬರುತ್ತದೆ. ಎರಡನ್ನೂ ಕಲಸಿದ ಕೂಡಲೆ ಥಿಯೇಟರ್ ತುಂಬ ಘಾಟು ವಾಸನೆ. ಮೊದಲು ತೆಳ್ಳಗೆ ಅಂಟಂಟು. ಸ್ವಲ್ಪ ಹೊತ್ತಿಗೆ ಗ್ಲೌಸ್‌ಗೆ ಅಂಟುವುದು ಬಿಡುತ್ತದೆ, ಕಡಂಬಿಟ್ಟಿಗೆ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಕೆಲಸ ಮಾಡಬೇಕಾದದ್ದು ಆಗಲೇ. ಸರ್ಜನ್ ಅದನ್ನು ತೂತಿನ ಆಕಾರಕ್ಕೆ ತಟ್ಟಿ, ಅಂಚುಗಳನ್ನು ಬೆರಳಿನಿಂದ ನಯ ಮಾಡಿ ಕೂರಿಸುತ್ತಾರೆ. ಕಲಸಿದಲ್ಲಿಂದ ಲೆಕ್ಕ ಹಾಕಿದರೆ ಸುಮಾರು 8ರಿಂದ 15 ನಿಮಿಷದಲ್ಲಿ ಕಲ್ಲಾಗುತ್ತದೆ. ಥಿಯೇಟರ್ ತುಂಬ ತಣ್ಣಗಿದ್ದರೆ ಇನ್ನೂ ನಿಧಾನ. ಹದ ತಪ್ಪಿದರೆ ಎಸೆದು ಹೊಸ ಪೊಟ್ಟಣ ಒಡೆಯಬೇಕು. ಅದಕ್ಕೇ ಸಿಮೆಂಟ್ ಕಲಸುವ ಹೊತ್ತಿಗೆ ಥಿಯೇಟರ್‌ನಲ್ಲಿ ಯಾರೂ ಹರಟುವುದಿಲ್ಲ!

ಗಟ್ಟಿಯಾಗುವಾಗ ಬಿಸಿಯಾಗುತ್ತಂತೆ. ಮಿದುಳಿಗೆ ತಾಗಲ್ವಾ?

ಬಿಸಿಯಾಗುವುದು ನಿಜ. ದಪ್ಪ ಉಂಡೆಯಾದರೆ 70–80 ಡಿಗ್ರಿ ದಾಟಬಹುದು. ಈ ತೂತು ಚಿಕ್ಕದು, ಪದರ ತೆಳ್ಳಗಿರುತ್ತದೆ, ಹಾಗಾಗಿ ಅಷ್ಟು ಏರುವುದಿಲ್ಲ. ಆದರೂ ಎಚ್ಚರಿಕೆ ಬಿಡುವುದಿಲ್ಲ. ಹೊದಿಕೆಯ ಮೇಲೆ ಜೆಲ್‌ಫೋಮ್‌ನಂಥ ಮೆತ್ತನೆಯ ಪದರ ಹಾಸುತ್ತಾರೆ, ಸಿಮೆಂಟ್ ಬಿಸಿಯೇರುವಾಗ ಒಂದೇ ಸಮನೆ ತಣ್ಣನೆಯ ಸಲೈನ್ ಸುರಿಯುತ್ತಾರೆ. ಕೆಲವು ಸರ್ಜನ್‌ಗಳು ಅಚ್ಚು ತೆಗೆದ ಹಾಗೆ ಆಕಾರ ಮಾಡಿ, ಹೊರಗೇ ಗಟ್ಟಿಯಾಗಲು ಬಿಟ್ಟು, ಆರಿದ ಮೇಲೆ ಕೂರಿಸುತ್ತಾರೆ.

ಬೇರೆ ಏನು ಹಾಕಬಹುದು? ಯಾವುದು ಒಳ್ಳೇದು?

ಹೈಡ್ರಾಕ್ಸಿಅಪಟೈಟ್ ಅನ್ನುವ ಇನ್ನೊಂದು ಸಿಮೆಂಟ್ ಇದೆ, ಕ್ಯಾಲ್ಸಿಯಂ ಫಾಸ್ಫೇಟ್‌ನದ್ದು. ನಮ್ಮ ಮೂಳೆಯಲ್ಲಿ ಇರುವ ಖನಿಜವೂ ಅದೇ ಬಗೆಯದ್ದು. ಬಿಸಿಯಾಗುವುದಿಲ್ಲ ಅನ್ನಬಹುದು, ಸುತ್ತಲಿನ ಮೂಳೆ ಅದರ ಮೇಲೆ ಬೆಳೆಯಲು ಅವಕಾಶ ಕೊಡುತ್ತದೆ. ಆದರೆ ದುಬಾರಿ, ಸ್ವಲ್ಪ ಪೆಡಸು. ಗಟ್ಟಿಯಾಗುವ ಹೊತ್ತಿಗೆ ರಕ್ತವೋ ಸಿಎಸ್ಎಫ್ಓ ತಾಗಿ ಒದ್ದೆಯಾದರೆ ಸರಿಯಾಗಿ ಹಿಡಿಯುವುದಿಲ್ಲ. ಟೈಟಾನಿಯಂ ಜಾಲರಿ ಇದೆ, ಬೇಗ ಆಗುತ್ತದೆ, ಗಟ್ಟಿ. ಕೊರೆದ ಮೂಳೆಯ ಪುಡಿಯನ್ನೇ ಕೂಡಿಸಿ ಅಂಟಿನೊಂದಿಗೆ ತುಂಬುವವರೂ ಇದ್ದಾರೆ. ಇಡೀ ಬಿಲ್ಲೆ ಸುರಕ್ಷಿತವಾಗಿ ತೆಗೆಯಲು ಆದರೆ ಸ್ವಂತ ಮೂಳೆಗಿಂತ ಒಳ್ಳೆಯದು ಇಲ್ಲ, ಇದು ನನ್ನ ಅಭಿಪ್ರಾಯ. ಆಗದಿದ್ದರೆ ನಿಮ್ಮ ಸರ್ಜನ್ ಕೈಗೆ ಯಾವುದು ಚೆನ್ನಾಗಿ ಪಳಗಿದೆಯೋ ಅದು. ನಿಮ್ಮ ಅಣ್ಣನ ಮಗ ಮೊಬೈಲ್‌ನಲ್ಲಿ ನೋಡಿದ ಬ್ರ್ಯಾಂಡ್ ತರಿಸಿ ಅಂತ ಹಟ ಹಿಡಿಯಬೇಡಿ.

ಸಿಮೆಂಟ್ ಅಂದರೆ ಎಲ್ಲವೂ ಒಂದೇ ಅಲ್ಲ ಅನ್ನುವುದಕ್ಕೆ ಒಂದು ಹಳೆಯ ಕಹಿ ಪಾಠವಿದೆ. 1990ರ ದಶಕದಲ್ಲಿ ಯುರೋಪಿನಲ್ಲಿ ಅಯಾನೊಮರ್ ಅನ್ನುವ ಅಲ್ಯೂಮಿನಿಯಂ ಇರುವ ಸಿಮೆಂಟನ್ನು ಕಿವಿಯ ಹಿಂದಿನ ಇಂಥ ತೂತುಗಳಿಗೆ ಬಳಸಿದರು. ಅದು ಸಿಎಸ್ಎಫ್‌ಗೆ ತಾಗಿ ಅಲ್ಯೂಮಿನಿಯಂ ಮಿದುಳಿಗೆ ಸೇರಿತು. ಕೆಲವರು ತೀರಿಕೊಂಡರು. ಆ ಬಳಕೆ ನಿಂತುಹೋಯಿತು. ಈಗ ಹಾಕುವ ಪಿಎಂಎಂಎ, ಹೈಡ್ರಾಕ್ಸಿಅಪಟೈಟ್ ಎರಡೂ ಬೇರೆಯೇ.

ಯಾರಿಗೆ ಹಾಕಲ್ಲ?

ಆ ಜಾಗದಲ್ಲಿ ಸೋಂಕಿದ್ದರೆ ಹಾಕುವುದಿಲ್ಲ. ಅಕ್ರಿಲಿಕ್ ಅಲರ್ಜಿ ಇದ್ದವರಿಗೂ ಇಲ್ಲ, ಹಲ್ಲಿನ ಸೆಟ್ ಹಾಕಿಸಿ ಬಾಯಿ ಹುಣ್ಣಾದ ಅನುಭವ ಇದ್ದರೆ ಮೊದಲೇ ಹೇಳಿ. ಚಿಕ್ಕ ಮಕ್ಕಳ ತಲೆಬುರುಡೆ ಬೆಳೆಯುತ್ತದೆ, ಸಿಮೆಂಟ್ ಬೆಳೆಯುವುದಿಲ್ಲ.

ಆಪರೇಷನ್‌ಗೆ ಮೊದಲು ಡಾಕ್ಟರ್ ಹತ್ತಿರ ಏನು ಕೇಳಲಿ?

"ಡಾಕ್ಟ್ರೇ, ಮೂಳೆ ಹೇಗೆ ಮುಚ್ಚುತ್ತೀರಿ?" ಇಷ್ಟೇ ಸಾಕು, ಮಾತು ತಾನೇ ಮುಂದೆ ಹೋಗುತ್ತದೆ. ಇದಕ್ಕೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಿವಿ ಹಿಂದಿನ ಮೂಳೆಯಲ್ಲಿ ಗಾಳಿಯ ಗೂಡುಗಳಿರುತ್ತವೆ. ಕೊರೆಯುವಾಗ ಅವು ತೆರೆದುಕೊಂಡರೆ ಬೋನ್ ವ್ಯಾಕ್ಸ್ ಅನ್ನುವ ಮೇಣ ಮೆತ್ತಿ ಬಿಗಿಯಾಗಿ ಮುಚ್ಚಬೇಕು. ಅದನ್ನೂ ಕೇಳಿ. ಯಾಕೆ ಅಂತ ಕೆಳಗೆ ಮೂಗಿನ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳ್ಳಗಾಗಿಸುವ ಗುಳಿಗೆ ನುಂಗುತ್ತಿದ್ದರೆ, ಬೀಡಿ ಸೇದುತ್ತಿದ್ದರೆ ಮುಚ್ಚಿಡಬೇಡಿ, ಗಾಯ ಮಾಯುವುದಕ್ಕೆ ಇವೆಲ್ಲ ಸಂಬಂಧಪಟ್ಟವು.

ಎಲ್ಲಿಗೆ ಹೋಗೋದು? ಖರ್ಚು?

ನಮ್ಮ ಕಡೆಯವರು ಹೋಗುವುದು ಮೈಸೂರು, ಮಂಗಳೂರು, ಇಲ್ಲಾ ಬೆಂಗಳೂರಿನ ನಿಮ್ಹಾನ್ಸ್. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಷ್ಟು ಅಂತ ಇದೆ. ತುರ್ತಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಸಿಮೆಂಟ್, ಪ್ಲೇಟ್‌ಗಳ ದುಡ್ಡು ಪ್ಯಾಕೇಜಿನೊಳಗೆ ಬರುತ್ತದೋ ಹೊರಗೋ ಅಂತ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೇಳಿ. ಡಿಸ್ಚಾರ್ಜ್ ದಿನ ಜಗಳ ಆಗುವುದು ಅದಕ್ಕೇ.

ಮನೆಗೆ ಬಂದ ಮೇಲೆ ಮೂಗಲ್ಲಿ ನೀರು. ಮಳೆಗಾಲದ ನೆಗಡಿ ಅಲ್ವಾ?

ಇರಬಹುದು. ಇಲ್ಲದೆಯೂ ಇರಬಹುದು. ಈ ಪುಟದಲ್ಲಿ ಒಂದೇ ಉತ್ತರ ಓದಿದರೆ ಇದನ್ನು ಓದಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಯಾರ ಮೂಗು ಸೋರುವುದಿಲ್ಲ ಹೇಳಿ. ಆದರೆ ಆಪರೇಷನ್ ಆದವರ ಮೂಗಿನಿಂದ ಬರುವ ನೀರು ಸಿಎಸ್ಎಫ್ ಆಗಿರಬಹುದು. ಆಪರೇಷನ್ ಕಿವಿ ಹಿಂದೆ ಆದರೂ ನೀರು ಮೂಗಿಗೆ ಬರುವುದು ಹೇಗೆ ಅಂದರೆ, ತೆರೆದುಕೊಂಡ ಗಾಳಿಗೂಡುಗಳಿಂದ ಅದು ನಡುಗಿವಿಗೆ ಇಳಿಯುತ್ತದೆ, ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ ಇದೆ. ಹೊರಗೆ ಗಾಯ ಒಣಗಿ ಚೆಂದ ಕಾಣುತ್ತದೆ, ಸಿಮೆಂಟ್ ಗಟ್ಟಿಯಾಗಿ ಕೂತಿರುತ್ತದೆ, ಒಳಗೆ ಮಾತ್ರ ಸೋರುತ್ತಿರುತ್ತದೆ.

ನೆಗಡಿಯ ನೀರು ಎರಡೂ ಹೊಳ್ಳೆಯಲ್ಲಿ ಬರುತ್ತದೆ, ಎರಡು ದಿನಕ್ಕೆ ಗಟ್ಟಿಯಾಗುತ್ತದೆ, ಸೀನು, ಗಂಟಲು ಕೆರೆತ ಜೊತೆಗಿರುತ್ತದೆ. ಸಿಎಸ್ಎಫ್ ಸಾಮಾನ್ಯವಾಗಿ ಒಂದೇ ಹೊಳ್ಳೆಯಲ್ಲಿ, ನೀರಿನಷ್ಟೇ ತೆಳ್ಳಗೆ, ಬಗ್ಗಿದಾಗ ತಟತಟನೆ ಬೀಳುತ್ತದೆ. ಮಲಗಿದಾಗ ಗಂಟಲಿಗೆ ಇಳಿದು ಉಪ್ಪುಪ್ಪು ಅನ್ನಿಸಬಹುದು. ಕರವಸ್ತ್ರದಲ್ಲಿ ಒಣಗಿದ ಮೇಲೆ ಸಿಂಬಳದ ಹಾಗೆ ಗಟ್ಟಿಯಾಗುವುದಿಲ್ಲ. ಬೆಳಿಗ್ಗೆ ದಿಂಬು ಒದ್ದೆ ಇದೆಯಾ ನೋಡಿ. ಅನುಮಾನ ಬಂದರೆ ನೆಗಡಿ ಗುಳಿಗೆ ತಂದು ನುಂಗಿ ಕಾಯಬೇಡಿ, ಕಾಳುಮೆಣಸಿನ ಕಷಾಯವೂ ಇದಕ್ಕಲ್ಲ. ಅವತ್ತೇ ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ. ಒಂದು ಶುದ್ಧ ಸೀಸೆಯಲ್ಲಿ ಸ್ವಲ್ಪ ನೀರು ಹಿಡಿದಿಡಲು ಹೇಳಬಹುದು. ಬೀಟಾ-2 ಟ್ರಾನ್ಸ್‌ಫೆರಿನ್ ಅನ್ನುವ ಪರೀಕ್ಷೆಯಲ್ಲಿ ಸಿಎಸ್ಎಫ್ ಹೌದೋ ಅಲ್ಲವೋ ಗೊತ್ತಾಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ನೀರು ಹೊರಗೆ ಬರುವ ದಾರಿಯಲ್ಲೇ ಸೂಕ್ಷ್ಮಾಣು ಒಳಗೆ ಹೋಗುತ್ತದೆ. ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಗೆ ಸೋಂಕು, ಆದರೆ ಗಂಟೆಗಳ ಲೆಕ್ಕ. ಜ್ವರದ ಜೊತೆ ಕತ್ತು ಸೆಟೆದುಕೊಂಡರೆ, ಬೆಳಕು ನೋಡಲು ಆಗದಿದ್ದರೆ, ಮಾತು ತಡವರಿಸಿದರೆ, ಮಂಕಾದರೆ ಬೆಳಗಾಗಲಿ ಅಂತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ನೇರ ಹೋಗಿ, ಅಲ್ಲಿಂದ ಮುಂದೆ ಕಳಿಸುತ್ತಾರೆ. ತೋಟದೊಳಗಿನ ಮನೆಯವರು, ಮರ ಬಿದ್ದು ರಸ್ತೆ ಮುಚ್ಚುವ ಊರಿನವರು, ಸಾಧ್ಯವಿದ್ದರೆ ಜುಲೈ, ಆಗಸ್ಟ್‌ನಲ್ಲಿ ಈ ಆಪರೇಷನ್ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿದ್ದು ನೆನಪಿದೆ ತಾನೇ. ಇಟ್ಟುಕೊಳ್ಳಲೇಬೇಕಾದರೆ ಮೊದಲ ಕೆಲವು ವಾರ ಪೇಟೆಯಲ್ಲಿ ನೆಂಟರ ಮನೆಯಲ್ಲಿರಿ.

ಸೋರದ ಹಾಗೆ ನೋಡಿಕೊಳ್ಳಲು ಮೂಗು ಜೋರಾಗಿ ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಮಲ ಕಟ್ಟದ ಹಾಗೆ ಸೊಪ್ಪು, ಹಣ್ಣು, ನೀರು. ತಿಣುಕಿದರೆ ತಲೆಯೊಳಗಿನ ಒತ್ತಡ ಏರುತ್ತದೆ.

ಘಾಟಿ ರಸ್ತೆಯಲ್ಲಿ ಕಾರಲ್ಲಿ ಬರಬಹುದಾ?

ಬರಬಹುದು, ಬೇರೆ ದಾರಿ ಏನಿದೆ, ನಮಗೆ ರೈಲೂ ಇಲ್ಲ. ಕುಲುಕಿದರೆ ಸಿಮೆಂಟ್ ಕದಲುವುದಿಲ್ಲ. ತೊಂದರೆ ಇರುವುದು ವಾಂತಿಯದ್ದು. ಎಂಟನೆಯ ನರದ ಹತ್ತಿರ ಕೆಲಸ ಆಗಿರುವುದರಿಂದ ತಲೆ ಸುತ್ತು ಮೊದಲೇ ಇರುತ್ತದೆ, ಅದರ ಮೇಲೆ ಸಂಪಾಜೆಯ ತಿರುವುಗಳು. ವಾಂತಿ ತಡೆಯುವ ಗುಳಿಗೆಯನ್ನು ಡಿಸ್ಚಾರ್ಜ್‌ಗೆ ಮೊದಲೇ ಬರೆಸಿಕೊಳ್ಳಿ. ಮುಂದಿನ ಸೀಟಿನಲ್ಲಿ ಕೂತು ನಿಧಾನ ಬನ್ನಿ.

ತಲೆಗೆ ನೀರು ಯಾವಾಗ? ಎಣ್ಣೆ ಹಚ್ಚಬಹುದಾ?

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 7ರಿಂದ 14 ದಿನದೊಳಗೆ. ತಲೆಸ್ನಾನ ಯಾವಾಗ ಅಂತ ನಿಮ್ಮ ಡಾಕ್ಟರ್ ಹೇಳಿದ ಹಾಗೆ. ಗಾಯದ ಮೇಲೆ ಎಣ್ಣೆ, ಅರಿಶಿನ, ಸೊಪ್ಪಿನ ರಸ ಏನೂ ಬೇಡ. ಸಿಮೆಂಟ್‌ಗೆ ರಕ್ತದ ಹರಿವಿಲ್ಲ, ಹಾಗಾಗಿ ಅದರ ಮೇಲೆ ಒಮ್ಮೆ ಸೋಂಕು ಕೂತರೆ ಔಷಧಿಯಿಂದ ಮಾತ್ರ ಹೋಗುವುದು ಕಷ್ಟ, ಹೆಚ್ಚಿನ ಸಲ ತೆಗೆದೇ ಹಾಕಬೇಕಾಗುತ್ತದೆ. ಗಾಯ ಕೆಂಪಾದರೆ, ಕೀವು ಬಂದರೆ, ಉಬ್ಬಿದರೆ ತೋರಿಸಿ.

ತೋಟದ ಕೆಲಸ, ಮೆಣಸು ಕೊಯ್ಯೋಕೆ ಏಣಿ, ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ (ಕೋವಿ)?

ಸಿಮೆಂಟ್ ಅವತ್ತೇ ಗಟ್ಟಿ. ಮಾಯಬೇಕಾದದ್ದು ಸ್ನಾಯು, ಹೊದಿಕೆ, ಚರ್ಮ. ಭಾರ ಎತ್ತುವುದು, ಕಾಫಿ ಮೂಟೆ ಹೊರುವುದು ಸಾಮಾನ್ಯವಾಗಿ 4ರಿಂದ 6 ವಾರ ಬೇಡ.

ಏಣಿ ಬೇರೆ ವಿಷಯ. ಸಮತೋಲ ಪೂರ್ತಿ ಸರಿಯಾಗಿದೆ ಅಂತ ಡಾಕ್ಟರ್ ಹೇಳುವ ತನಕ ಸಿಲ್ವರ್ ಓಕ್‌ಗೆ ಏಣಿ ಒರಗಿಸಬೇಡಿ. ಕಾರ್ಬಮಜೆಪಿನ್ ಇನ್ನೂ ನಡೆಯುತ್ತಿದ್ದರೆ ಇನ್ನೂ ಬೇಡ. ನೋವು ನಿಂತಿತು ಅಂತ ಆ ಗುಳಿಗೆಯನ್ನು ನೀವೇ ಫಕ್ಕನೆ ನಿಲ್ಲಿಸಲೂಬೇಡಿ, ಹಂತ ಹಂತವಾಗಿ ಇಳಿಸುತ್ತಾರೆ.

ತೋಕ್‌ನ ಒದೆತ ಹೆಗಲಿಗೆ ಬೀಳುತ್ತದೆ, ಆದರೆ ಹಿಡಿ ಒರಗುವುದು ಕೆನ್ನೆಗೆ, ಆಪರೇಷನ್ ಆದ ಬದಿಯಾದರೆ ಗಾಯಕ್ಕೆ ತೀರಾ ಹತ್ತಿರ. ಈ ವರ್ಷ ಹಬ್ಬದ ತೆಂಗಿನಕಾಯಿಗೆ ತಮ್ಮನೇ ಗುಂಡು ಹೊಡೆಯಲಿ. ಮುಂದಿನ ವರ್ಷ ಹೊಡೆಯುವಾಗ ಕಿವಿಗೆ ರಕ್ಷಣೆ ಇಟ್ಟುಕೊಳ್ಳಿ, ಎಂಟನೆಯ ನರದ ಹತ್ತಿರದ ಕೆಲಸದಿಂದ ಒಂದು ಕಿವಿ ಮಂದವಾದವರು ಇನ್ನೊಂದನ್ನು ಕಾಪಾಡಿಕೊಳ್ಳಬೇಕು ತಾನೇ. ಮದುವೆಗೆ ಮಂಡೆತುಣಿ (ರುಮಾಲು), ಹೆಂಗಸರು ವಸ್ತ್ರ ಕಟ್ಟುವುದು ಗಾಯ ಒಣಗಿದ ಮೇಲೆ ಧಾರಾಳವಾಗಿ, ಗಂಟು ಮಾತ್ರ ಗಾಯದ ಮೇಲೆ ಬರದಿರಲಿ. ಹೆಲ್ಮೆಟ್‌ಗೂ ಅದೇ ಮಾತು.

ಎಂಆರ್‌ಐ ಮಾಡಿಸಬಹುದಾ? ಏರ್‌ಪೋರ್ಟ್‌ನಲ್ಲಿ ಕೂಗುತ್ತಾ?

ಪಿಎಂಎಂಎ ಲೋಹವಲ್ಲ, ಎರಡಕ್ಕೂ ತೊಂದರೆಯಿಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಎಳೆಯುವುದಿಲ್ಲ, ಆದರೂ ಎಂಆರ್‌ಐ ಮಾಡುವವರಿಗೆ ಹೇಳಿ. ತಲೆಯೊಳಗೆ ಗಾಳಿ ಉಳಿದಿರಬಹುದಾದ ಮೊದಲ ವಾರಗಳಲ್ಲಿ ವಿಮಾನ ಹತ್ತುವ ಮೊದಲು ಕೇಳಿಕೊಳ್ಳಿ.

ಚಳಿಗೆ, ಮಂಜಿಗೆ ಸಿಮೆಂಟ್ ಕುಗ್ಗಿ ನೋಯುತ್ತಾ?

ಮಡಿಕೇರಿಯ ಚಳಿಗೆಲ್ಲ ಅದು ಕುಗ್ಗುವುದಿಲ್ಲ. ಒಳಗೆ ನರವೂ ಇಲ್ಲ, ಅದಕ್ಕೆ ನೋಯಲು ಬರುವುದಿಲ್ಲ. ಸುತ್ತಲಿನ ಚರ್ಮದ ನರಗಳು ಕತ್ತರಿಸಿ ಮತ್ತೆ ಕೂಡಿಕೊಳ್ಳುವಾಗ ಜುಮ್ ಅನ್ನುವುದು, ಮರಗಟ್ಟುವುದು, ತಣ್ಣನೆ ಗಾಳಿಗೆ ಚುಚ್ಚುವುದು ಇರುತ್ತದೆ. ತಿಂಗಳುಗಳಲ್ಲಿ ಇಳಿಯುತ್ತದೆ. ಟೋಪಿ ಹಾಕಿಕೊಳ್ಳಿ.

ಎಷ್ಟು ವರ್ಷ ಬಾಳುತ್ತೆ? ನೋವು ಮತ್ತೆ ಬಂದರೆ ತೆಗೀಬೇಕಾ?

ಬದಲಾಯಿಸುವ ವಸ್ತು ಅಲ್ಲ, ಜೀವನಪೂರ್ತಿ ಇರಲಿ ಅಂತಲೇ ಹಾಕುವುದು. ಸಡಿಲವಾಗುವುದು ಅಪರೂಪ. ಸೋಂಕು ಮಾತ್ರ ವರ್ಷಗಳ ನಂತರವೂ ಬರಬಹುದು, ಬಹಳ ದಿನ ಸುಮ್ಮನಿದ್ದ ಜಾಗ ಇದ್ದಕ್ಕಿದ್ದಂತೆ ಊದಿದರೆ ಹಳೇದು ಅಂತ ಬಿಡಬೇಡಿ.

ಮುಖದ ನೋವು ಕೆಲವರಿಗೆ ವರ್ಷಗಳ ಮೇಲೆ ಮರುಕಳಿಸುತ್ತದೆ. ಅದಕ್ಕೂ ಸಿಮೆಂಟ್‌ಗೂ ಸಂಬಂಧವಿಲ್ಲ. ಮೊದಲು ಗುಳಿಗೆ ನೋಡುತ್ತಾರೆ. ಆಮೇಲೆ ಕೆನ್ನೆಯಿಂದ ಸೂಜಿ ಹಾಕಿ ನರಕ್ಕೆ ಶಾಖ ಕೊಡುವ ವಿಧಾನ ಇದೆ, ಗಾಮಾ ನೈಫ್ ಅನ್ನುವ ಕಿರಣದ ಚಿಕಿತ್ಸೆ ಇದೆ. ಇವಕ್ಕೆ ಮೂಳೆ ಮುಟ್ಟಬೇಕಾಗಿಲ್ಲ. ಮತ್ತೆ ತೆರೆಯಲೇಬೇಕಾದರೆ ಪಿಎಂಎಂಎಯನ್ನು ಕೊರೆದು ತೆಗೆಯುತ್ತಾರೆ, ಕೆಲಸ ಮುಗಿದ ಮೇಲೆ ಹೊಸದು ಹಾಕುತ್ತಾರೆ. ಆಗ ಒಳಗೆ ಏನು ಹಾಕಿದ್ದಾರೆ ಅಂತ ಹೊಸ ಸರ್ಜನ್‌ಗೆ ಗೊತ್ತಿರಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಿಮೆಂಟಿನ ಹೆಸರು ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ, ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಒಂದು ಫೋಟೋ ಇರಲಿ.